2009ರ ಪಿಕಪ್ ಮಾರಿ ಕಂಪ್ಯೂಟರ್ ಇರುವ ಹೊಸ ಗಾಡಿ ಕೊಳ್ಳುವುದು ಸರಿಯೇ?

ಪ್ರಶ್ನೆ: ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದಲ್ಲಿ, ಲಾಲ್‌ಬಾಗಿನ ಹತ್ತಿರ, ನಮ್ಮದೊಂದು ಸಣ್ಣ ನರ್ಸರಿ ಇದೆ. ಗಿಡ, ಕುಂಡ, ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ ಇವನ್ನು ಜಯನಗರ, ಬನಶಂಕರಿ, ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಯ ಮನೆಗಳಿಗೆ ತಲುಪಿಸಲೆಂದು ನಮ್ಮ ತಂದೆಯವರು 2009ರಲ್ಲಿ ಹೊಸದಾಗಿ ತೆಗೆದುಕೊಂಡ ಬೊಲೆರೊ ಪಿಕಪ್ ಇಂದಿಗೂ ಅದೇ ಕೆಲಸ ಮಾಡುತ್ತಿದೆ. ಹಳದಿ ಬೋರ್ಡಿನ ಗಾಡಿ, ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್, ಓಡಿರುವುದು 2,60,000 ಕಿಲೋಮೀಟರ್. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕವೊಂದಿದ್ದು, ಎಂಜಿನ್ ಆಯಿಲ್ ಬದಲಿಸಿದ ಪ್ರತಿಯೊಂದು ದಿನವನ್ನೂ ಮೀಟರಿನ ಅಂಕಿಯ ಸಮೇತ ತಂದೆಯವರು ಅದರಲ್ಲಿ ಬರೆದಿಟ್ಟಿದ್ದಾರೆ. ಮೂರು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಅದೇ ಪುಸ್ತಕದಲ್ಲಿ ನಾನು ಮುಂದುವರಿಸಿಕೊಂಡು ಬಂದಿದ್ದೇನೆ.

ಈಗ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರದ, ನವೀಕರಣದ ಸಮಯ ಬಂದಿದೆ. ಕ್ಯಾಬಿನ್ನಿನ ನೆಲದ ತಗಡಿಗೆ ತುಕ್ಕು ಹಿಡಿದು ಚಾಲಕನ ಹಿಮ್ಮಡಿ ಇಡುವ ಜಾಗದಲ್ಲಿ ಎರಡು ಬೆರಳಗಲದ ತೂತಾಗಿದೆ. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹಾಕುವಾಗ ಸದ್ದು ಬರುತ್ತದೆ. ಇಷ್ಟನ್ನು ಬಿಟ್ಟರೆ ಎಂಜಿನ್ ಒಂದೇ ಸೆಲ್ಫ್‌ಗೆ ಹಿಡಿಯುತ್ತದೆ, ಹೊಗೆ ಪರೀಕ್ಷೆಯಲ್ಲೂ ಇದುವರೆಗೆ ಸೋತಿಲ್ಲ. ಕೋಲಾರದ ಕಡೆಯಿಂದ ಟೊಮೆಟೊ ಸಾಗಿಸುವವರೊಬ್ಬರು ಬ್ರೋಕರ್ ಮೂಲಕ ಬಂದು ನೋಡಿ 1.75 ಲಕ್ಷಕ್ಕೆ ಕೇಳಿದ್ದಾರೆ. ಮುಂದಿನ ವಾರದೊಳಗೆ ಹೇಳಿ ಎಂದಿದ್ದಾರೆ.

ಮಾರಲು ನನ್ನನ್ನು ಹಿಂದೆಳೆಯುತ್ತಿರುವುದು ಪ್ರೀತಿಯೊಂದೇ ಅಲ್ಲ. ಹೋದ ಶ್ರಾವಣದಲ್ಲಿ ನಮ್ಮ ಪಕ್ಕದ ನರ್ಸರಿಯವರ ಹೊಸ ಡೀಸೆಲ್ ಪಿಕಪ್, ಮದುವೆ ಮಂಟಪಕ್ಕೆ ಗಿಡ ತುಂಬಿಕೊಂಡು ಹೊರಟದ್ದು, ಬನ್ನೇರುಘಟ್ಟ ರಸ್ತೆಯಲ್ಲಿ ಹಳದಿ ದೀಪ ಹೊತ್ತಿಸಿಕೊಂಡು ಇಪ್ಪತ್ತು ಕಿಲೋಮೀಟರ್ ವೇಗದ ಮೇಲೆ ಏಳಲೇ ಇಲ್ಲ. ಆ ಗಿಡಗಳನ್ನು ನನ್ನ ಹಳೆಯ ಗಾಡಿಗೆ ಬದಲಾಯಿಸಿ ನಾನೇ ಮುಟ್ಟಿಸಿದೆ. ಅವರ ಗಾಡಿ ಐದು ದಿನ ವರ್ಕ್‌ಶಾಪಿನಲ್ಲಿ ನಿಂತಿತ್ತು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ನನ್ನ ಗಾಡಿ ದಿನಕ್ಕೆ ಓಡುವುದು ಹೆಚ್ಚೆಂದರೆ 40 ಕಿಲೋಮೀಟರ್, ಅದೂ ಐದಾರು ತುಂಡುಗಳಲ್ಲಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ. ಇಂಥ ಓಡಾಟಕ್ಕೆ ಸೆನ್ಸರ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತುಂಬಿದ ಹೊಸ ಗಾಡಿ ಹೊಂದುತ್ತದೆಯೇ, ಅಥವಾ ಹಳೆಯದಕ್ಕೇ ಹಣ ಹಾಕಿ ಇನ್ನು ನಾಲ್ಕೈದು ವರ್ಷ ನಡೆಸುವುದು ಲೇಸೇ? ಎರಡನ್ನೂ ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಡೀಸೆಲ್ ಮೇಸ್ತ್ರಿ

ನಾನು ಮಾಗಡಿ ರಸ್ತೆಯ ಕಡೆ ಗ್ಯಾರೇಜು ಇಟ್ಟುಕೊಂಡು ಮೂವತ್ತು ವರ್ಷವಾಯಿತು. ನಿಮ್ಮ ಪ್ರಶ್ನೆಯಲ್ಲಿ ನೀವು ಕೊನೆಗೆ ಬರೆದ ಮಾತೇ ಎಲ್ಲಕ್ಕಿಂತ ಮುಖ್ಯವಾದದ್ದು: ದಿನಕ್ಕೆ 40 ಕಿಲೋಮೀಟರ್, ಐದಾರು ತುಂಡು. ಅದರಿಂದಲೇ ಶುರು ಮಾಡುತ್ತೇನೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ನೋಂದಣಿಯಾಗುವ ಹೊಸ ಗಾಡಿಗಳೆಲ್ಲ ಬಿಎಸ್6, ಅಂದರೆ ಹೊಗೆಯ ಮೇಲೆ ಸರ್ಕಾರ ಹಾಕಿದ ಭಾರತ್ ಸ್ಟೇಜ್ 6 ಮಿತಿಯವು. ಡೀಸೆಲ್ ಎಂಜಿನ್ ಈ ಮಟ್ಟ ಮುಟ್ಟಬೇಕಾದರೆ ಸೈಲೆನ್ಸರಿನ ದಾರಿಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಜಾಲರಿ ಬೇಕಾಗುತ್ತದೆ. ಅದನ್ನೇ ಡಿಪಿಎಫ್ ಎನ್ನುವುದು. ಕೆಲವು ಗಾಡಿಗಳಲ್ಲಿ ಅದರ ಜೊತೆಗೆ ಯೂರಿಯಾ ದ್ರಾವಣದ ಟ್ಯಾಂಕೂ ಇರುತ್ತದೆ, ಕೆಲವುದರಲ್ಲಿ ಇರುವುದಿಲ್ಲ. ಹಿಡಿದ ಮಸಿ ತುಂಬುತ್ತಾ ಹೋದಾಗ ಅದನ್ನು ಸುಟ್ಟು ಖಾಲಿ ಮಾಡಲು ಎಂಜಿನ್ನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಜಾಲರಿಯ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸುತ್ತದೆ. ಇದು ಮುಗಿಯಲು ಗಾಡಿ ತಡೆಯಿಲ್ಲದೆ ಹದಿನೈದು ಇಪ್ಪತ್ತು ನಿಮಿಷವಾದರೂ ಒಂದೇ ಹದದಲ್ಲಿ ಓಡಬೇಕು. ಸಿದ್ದಾಪುರದಿಂದ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಎಂಜಿನ್ ಆರಿಸಿ, ಕುಂಡ ಇಳಿಸಿ, ಮತ್ತೆ ಹೊರಡುವ ಗಾಡಿಗೆ ಆ ಅವಕಾಶ ಸಿಗುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿರುತ್ತದೆ, ಮುಟ್ಟಿದರೆ ನೀರಿನಂತೆ ತೆಳ್ಳಗಿರುತ್ತದೆ. ನಿಮ್ಮ ಪಕ್ಕದವರ ಗಾಡಿಗೆ ಆದದ್ದು ಬಹುಮಟ್ಟಿಗೆ ಇದೇ ಇರಬೇಕು. ಮಸಿ ಮಿತಿ ಮೀರಿದಾಗ ಎಂಜಿನ್ ಉಳಿಸಿಕೊಳ್ಳಲೆಂದು ಇಸಿಯು ಶಕ್ತಿಯನ್ನು ತಾನೇ ಕಡಿತ ಮಾಡುತ್ತದೆ. ಆಗ ಗಾಡಿ ಕೆಟ್ಟಿಲ್ಲ, ಕೆಡದಂತೆ ತನ್ನನ್ನು ತಾನು ಕಟ್ಟಿಹಾಕಿಕೊಂಡಿದೆ. ಆದರೆ ದಾರಿಯಲ್ಲಿ ನಿಂತವರಿಗೆ ಎರಡೂ ಒಂದೇ, ಅದನ್ನು ಒಪ್ಪುತ್ತೇನೆ.

ಇನ್ನು ಕೈಕೆಲಸದ ವ್ಯತ್ಯಾಸ. ನಿಮ್ಮ ಹಳೆಯ ಪಂಪಿನ ಗಾಡಿಯಲ್ಲಿ ನಾಝಲ್ ತೆರೆಯುತ್ತಿದ್ದುದು ಸುಮಾರು 200 ಬಾರ್ ಒತ್ತಡಕ್ಕೆ. ಹೊಸ ಡೀಸೆಲ್ ಗಾಡಿಗಳಲ್ಲಿರುವ, ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲಿನಲ್ಲಿ 1,600 ಬಾರ್ ಮತ್ತು ಅದಕ್ಕೂ ಮೇಲೆ. ಹಳೆಯದರಲ್ಲಿ ಒಂದು ಸಿಲಿಂಡರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದರೆ, ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ಟನ್ನು ಸಡಿಲಿಸಿ, ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಎಂದು ಕಿವಿಯಲ್ಲೇ ಹಿಡಿಯುತ್ತಿದ್ದೆವು. ಕಾಮನ್ ರೈಲಿನಲ್ಲಿ ಹಾಗೆ ನಟ್ಟು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ, ಯಾರೂ ಮಾಡಬಾರದು. ಅಲ್ಲಿ ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಎರಡು ನಿಮಿಷ ಎಂಜಿನ್ ಓಡಿಸುತ್ತೇವೆ. ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬಿತೋ ಆ ಇಂಜೆಕ್ಟರ್ ಸೋರುತ್ತಿದೆ ಎಂದರ್ಥ. ಅಷ್ಟರಮಟ್ಟಿಗೆ ಹೊಸದೂ ನಮ್ಮ ಕೈಯಲ್ಲೇ ಇದೆ. ಆದರೆ ಹೊಸ ಇಂಜೆಕ್ಟರ್ ಕೂರಿಸಿದ ಮೇಲೆ ಅದರ ತಲೆಯ ಮೇಲೆ ಕೊರೆದಿರುವ ಸಂಕೇತವನ್ನು ಸ್ಕ್ಯಾನರ್ ಮೂಲಕ ಇಸಿಯುಗೆ ಬರೆಯಬೇಕು. ಆ ಸ್ಕ್ಯಾನರ್, ಅದರ ಸಾಫ್ಟ್‌ವೇರ್, ವರ್ಷವರ್ಷದ ನವೀಕರಣ, ಇದೆಲ್ಲ ಎಲ್ಲ ಗ್ಯಾರೇಜಿಗೂ ಎಟುಕುವುದಿಲ್ಲ.

ಇಲ್ಲಿ ನನ್ನ ಮನಸ್ಸಿನಲ್ಲಿರುವ ಒಂದು ಮಾತು ಹೇಳಲೇಬೇಕು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂಬುದೇ ಆ ಆರೋಪವಾಗಿತ್ತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗೆಂದು ಪೋರ್ಟಲ್ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ನನ್ನಂಥ ಮೇಸ್ತ್ರಿಗಳಿಗೆ ಹೊಸ ಗಾಡಿಯ ಮೇಲೆ ಹಗೆಯಿಲ್ಲ. ಅದರ ಬಾಗಿಲ ಕೀಲಿ ನಮಗೂ ಕೊಡಲಿ ಎಂಬುದಷ್ಟೇ ನಮ್ಮ ಬೇಡಿಕೆ.

ನಿಮ್ಮ ಗಾಡಿಯ ಬಗ್ಗೆ: ಗೇರ್ ಸದ್ದು ಸಿಂಕ್ರೊನೈಸರ್ ರಿಂಗಿನದು, ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಕ್ಯಾಬಿನ್ ನೆಲಕ್ಕೆ ಹೊಸ ತಗಡು ಬೆಸುಗೆ ಹಾಕಿಸಬಹುದು. ಆದರೆ ಈ ಎರಡಕ್ಕೂ ಮೊದಲು ಚಾಸಿ ನೋಡಬೇಕು. ಹಸಿ ಗೊಬ್ಬರ, ಹಸಿ ಮಣ್ಣು, ಪ್ರತಿದಿನ ನೀರು ಹಾಕಿದ ಗಿಡ, ಇವನ್ನು ಹೊತ್ತ ಗಾಡಿಯಲ್ಲಿ ತೊಟ್ಟಿಯ ಕೆಳಗಿನ ಚಾಸಿ ಒಳಗಿನಿಂದ ತಿನ್ನಿಸಿಕೊಂಡು ಹೋಗಿರುತ್ತದೆ. ಹಿಂದಿನ ಸ್ಪ್ರಿಂಗಿನ ಕೊಂಡಿ ಚಾಸಿಗೆ ಕೂಡುವ ಜಾಗದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಎಂದರೆ ಗಟ್ಟಿಯಿದೆ, ಮೊದ್ದು ಸದ್ದು ಬಂದು ಪದರ ಉದುರಿದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಗಾಡಿಗೆ ಹಣ ಹಾಕಬೇಡಿ. ಬೇಕಿದ್ದರೆ ಭಾನುವಾರ ತನ್ನಿ, ನಾನೇ ನೋಡುತ್ತೇನೆ.

ಉತ್ತರ 2: ಪೀಣ್ಯ ಸಾಗಣೆ

ಮೇಸ್ತ್ರಿಗಳು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅದು ಒಂದು ಬಗೆಯ ಓಡಾಟಕ್ಕೆ ಮಾತ್ರ ಅನ್ವಯಿಸುವ ಮಾತು. ನನ್ನ ಹತ್ತಿರ ಎರಡು ಬಿಎಸ್6 ಡೀಸೆಲ್ ಪಿಕಪ್‌ಗಳಿವೆ. ಪೀಣ್ಯದಿಂದ ತುಮಕೂರಿನ ವಸಂತನರಸಾಪುರಕ್ಕೆ ಒಂದು, ಹೊಸೂರಿಗೆ ಇನ್ನೊಂದು, ದಿನವೂ ಲೇತ್ ಕೆಲಸದ ಬಿಡಿಭಾಗಗಳನ್ನು ಸಾಗಿಸುತ್ತವೆ. ಊರು ದಾಟಿದ ಮೇಲೆ ಗಾಡಿ ತಡೆಯಿಲ್ಲದೆ ಓಡುವುದರಿಂದ ಜಾಲರಿ ತಾನಾಗಿಯೇ ಶುದ್ಧವಾಗುತ್ತದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ದೀಪ ಹೊತ್ತಿಲ್ಲ. ಇದಕ್ಕೂ ಮುಂಚೆ ನನ್ನಲ್ಲಿದ್ದ ಹಳೆಯ ಟಾಟಾ 207ಕ್ಕಿಂತ ಡೀಸೆಲ್ ಕಡಿಮೆ ಕುಡಿಯುತ್ತವೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಈಗ ಹುಡುಗರು ಚಾಲಕರಾಗಿ ಬರುವುದೇ ಇಲ್ಲ ಎಂಬುದನ್ನೂ ನೆನಪಿಡಿ.

ನನಗೆ ತೊಂದರೆ ಕೊಟ್ಟದ್ದು ಡಿಪಿಎಫ್ ಅಲ್ಲ, ಇಲಿ. ಶೆಡ್ಡಿನ ಪಕ್ಕ ಹೋಟೆಲ್ ಇದೆ. ಒಂದು ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿದರೆ ಹೆಬ್ಬೆರಳು ದಪ್ಪದ ವೈರಿಂಗ್ ಕಟ್ಟಿನ ಮೇಲಿನ ಹೊದಿಕೆಯನ್ನು ಕಡಿದು ಒಳಗಿನ ಮೂರು ತಂತಿಗಳನ್ನು ತುಂಡರಿಸಿತ್ತು. ಹಳೆಯ 207ರಲ್ಲೂ ಇಲಿ ತಂತಿ ಕಡಿದದ್ದುಂಟು, ಹಾರ್ನ್ ಕೂಗದೆ ಹೋಗಿದ್ದುಂಟು, ಆದರೆ ಗಾಡಿ ನಿಂತಿರಲಿಲ್ಲ. ಹೊಸದರಲ್ಲಿ ಕ್ರ್ಯಾಂಕ್ ಸೆನ್ಸರಿನ ಒಂದು ತಂತಿ ಹೋದರೂ ಎಂಜಿನ್ ಹಿಡಿಯುವುದಿಲ್ಲ. ಅಂದಿನಿಂದ ರಾತ್ರಿ ಬಾನೆಟ್ ತೆರೆದು, ಒಳಗೆ ಸಣ್ಣ ದೀಪ ಹಚ್ಚಿಟ್ಟು ನಿಲ್ಲಿಸುತ್ತೇವೆ. ಮತ್ತೆ ಕಡಿದಿಲ್ಲ.

ಇನ್ನೊಂದು ವಿಷಯವನ್ನು ಹಳೆಯ ಗಾಡಿಯ ಅಭಿಮಾನಿಗಳು ಯೋಚಿಸಬೇಕೆಂದು ನನ್ನ ಪ್ರಾರ್ಥನೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲೇ ವರ್ಗೀಕರಿಸಿದೆ. ಡೀಸೆಲ್ ಕಾರುಗಳ ಲೆಕ್ಕದಲ್ಲಿ ಹೇಳುವುದಾದರೆ, ಕಿಲೋಮೀಟರಿಗೆ ಬಿಡಬಹುದಾದ ಮಸಿಯ ಮಿತಿ ಬಿಎಸ್3ರಲ್ಲಿ 50 ಮಿಲಿಗ್ರಾಂ, ಬಿಎಸ್4ರಲ್ಲಿ 25, ಬಿಎಸ್6ರಲ್ಲಿ 4.5. ನಿಮ್ಮ ಗಾಡಿ ಹೊಗೆ ಪರೀಕ್ಷೆಯಲ್ಲಿ ಗೆಲ್ಲುವುದು ಅದರ ಕಾಲದ ಮಿತಿಗೆ ಹೋಲಿಸಿ ಎಂಬುದನ್ನು ಮರೆಯಬೇಡಿ. ನನ್ನ ಹಳೆಯ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ದಾರಿ ಹೇಳಲು ಹಿಂದೆ ನಿಲ್ಲುತ್ತಿದ್ದ ಹುಡುಗ ಸಂಜೆ ಮುಖ ತೊಳೆದರೆ ಕರವಸ್ತ್ರ ಕಪ್ಪಾಗುತ್ತಿತ್ತು. ಗಾಡಿ ಬದಲಿಸಲು ನನಗೆ ಡೀಸೆಲ್ ಉಳಿತಾಯಕ್ಕಿಂತ ದೊಡ್ಡ ಕಾರಣ ಅದಾಗಿತ್ತು.

ನಿಮ್ಮ ಕೆಲಸಕ್ಕೆ ನನ್ನ ಸಲಹೆ: ಹೊಸದು ಕೊಳ್ಳಿ, ಆದರೆ ಡೀಸೆಲ್ ಬೇಡ. ಪೆಟ್ರೋಲ್ ಇಲ್ಲವೇ ಸಿಎನ್‌ಜಿಯ ಸಣ್ಣ ಟ್ರಕ್ಕುಗಳಲ್ಲಿ ಈ ಮಸಿ ಸುಡುವ ತಾಪತ್ರಯವಿಲ್ಲ. ದಿನಕ್ಕೆ 40 ಕಿಲೋಮೀಟರ್ ಆದರೆ ವಿದ್ಯುತ್ ಗಾಡಿಯೂ ಸಾಕಾಗುತ್ತದೆ, ರಾತ್ರಿ ನರ್ಸರಿಯಲ್ಲೇ ಚಾರ್ಜಿಗೆ ಹಾಕುವ ಅನುಕೂಲ ನಿಮಗಿದೆ. ಹೊರೆ ಮಾತ್ರ ಲೆಕ್ಕ ಹಾಕಿ: ನಿಮ್ಮ ಬೊಲೆರೊ ಒಂದು ಟನ್ನಿಗೂ ಮೇಲೆ ಹೊರುತ್ತದೆ, ಸಣ್ಣ ಪೆಟ್ರೋಲ್ ಟ್ರಕ್ಕುಗಳಲ್ಲಿ ಹಲವು ಮುಕ್ಕಾಲು ಟನ್ನಿನ ಆಸುಪಾಸಿನವು. ಗಿಡಕ್ಕೆ ಅದು ಸಾಕು, ಒದ್ದೆ ಮಣ್ಣಿಗೆ ಸಾಲದು.

ಉತ್ತರ 3: ಹಳದಿ ಬೋರ್ಡ್

ಮಾರುವುದೋ ಇಟ್ಟುಕೊಳ್ಳುವುದೋ ಎಂದು ತೀರ್ಮಾನಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿ. ತಂದೆಯವರು ತೀರಿಕೊಂಡು ಮೂರು ವರ್ಷವಾಯಿತು ಎಂದಿದ್ದೀರಿ. ಆರ್‌ಸಿ ಈಗ ಯಾರ ಹೆಸರಿನಲ್ಲಿದೆ?

ಇನ್ನೂ ಅವರ ಹೆಸರಿನಲ್ಲೇ ಇದ್ದರೆ ನೀವು ಆ ಗಾಡಿಯನ್ನು ಮಾರುವಂತಿಲ್ಲ. ಮಾಲೀಕರು ತೀರಿಕೊಂಡಾಗ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕೆಂಬುದು ನಿಯಮ. ತಡವಾಗಿದ್ದರೂ ಮಾಡಿಸಿಕೊಳ್ಳಲು ದಾರಿಯಿದೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಸಿದ್ಧಮಾಡಿಕೊಂಡು ಹೋಗಿ. ಬ್ರೋಕರ್ ಮಧ್ಯದಲ್ಲಿ ಇದ್ದಾರೆ ಎಂದಿದ್ದೀರಿ. ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ, ಒಂದು ಸಹಿ ಸಾಕು ಎಂದು ಅವರು ಹೇಳಿದರೆ ಒಪ್ಪಬೇಡಿ. ತೀರಿಕೊಂಡವರ ಹೆಸರಿನಲ್ಲಿ, ಮಾರಾಟವನ್ನು ತಿಳಿಸುವ ಫಾರಂ 29ಕ್ಕೆ ಬೇರೊಬ್ಬರು ಸಹಿ ಹಾಕುವುದು ನಕಲಿ ಸಹಿಯೇ ಆಗುತ್ತದೆ, ಹಾಕಿದವರು ಮಗನೇ ಆದರೂ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2016ರಲ್ಲಿ ನಾನು ನನ್ನ ಪಿಕಪ್ಪನ್ನು ಒಬ್ಬ ಮಧ್ಯವರ್ತಿಗೆ ಕೊಟ್ಟು, ಖಾಲಿ ಫಾರಂಗಳಿಗೆ ಸಹಿ ಹಾಕಿ, ಹಣ ಎಣಿಸಿಕೊಂಡು ಮನೆಗೆ ಬಂದೆ. ಮೂರು ವರ್ಷ ಯಾವ ಸುದ್ದಿಯೂ ಇರಲಿಲ್ಲ. ಆಮೇಲೆ ನಾನು ಕಾಲಿಡದ ಊರುಗಳಲ್ಲಿ ಸಿಗ್ನಲ್ ದಾಟಿದ್ದಕ್ಕೆ ದಂಡದ ನೋಟಿಸುಗಳು ನನ್ನ ವಿಳಾಸಕ್ಕೆ ಬರತೊಡಗಿದವು. ಕೊನೆಗೆ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಪ್ರತಿವಾದಿಯಾಗಿ ನ್ಯಾಯಾಲಯದ ಸಮನ್ಸ್ ಬಂತು. ಗಾಡಿ ಕೈ ಬದಲಿಸಿ ಮೂರನೆಯವರ ಬಳಿ ಇತ್ತು, ವಿಮೆ ಕಟ್ಟಿರಲಿಲ್ಲ, ಆರ್‌ಸಿಯಲ್ಲಿ ಮಾತ್ರ ನನ್ನ ಹೆಸರೇ ಇತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದಂತೆ, ಗಾಡಿ ಎಷ್ಟು ಕೈ ಬದಲಿಸಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಅಲ್ಲಿಂದ ಹೊರಬರಲು ನಾನು ಪಟ್ಟ ಪಾಡನ್ನು ಬೇರೆ ಯಾರೂ ಪಡಬಾರದು.

ಆದ್ದರಿಂದ ಹೆಸರು ಬದಲಾದ ಮೇಲೆ ಮಾರುವುದಾದರೆ, ಫಾರಂ 29 ಮತ್ತು ಹೆಸರು ವರ್ಗಾವಣೆಯ ಅರ್ಜಿಯಾದ ಫಾರಂ 30ಕ್ಕೆ ಕೊಳ್ಳುವವರ ಹೆಸರು, ವಿಳಾಸ ಬರೆದ ನಂತರವೇ ಸಹಿ ಹಾಕಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಗಾಡಿ ಬಿಟ್ಟುಕೊಟ್ಟ ದಿನಾಂಕ ಮತ್ತು ಗಂಟೆಯನ್ನು ಬರೆದ ಡೆಲಿವರಿ ಪತ್ರಕ್ಕೆ ಕೊಂಡವರ ಸಹಿ ಪಡೆದು, ಅವರ ಗುರುತಿನ ಪತ್ರದ ಪ್ರತಿ ಇಟ್ಟುಕೊಳ್ಳಿ. ಬಾಕಿ ಇರುವ ಟ್ರಾಫಿಕ್ ದಂಡ ಕಟ್ಟಿ, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸಿಲ್ಲದಿದ್ದರೆ ಹಾಕಿಸಿ. ವಿಮೆಯ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಗಾಡಿಯ ಜೊತೆ ಹೋಗುವುದಿಲ್ಲ, ಮಾಲೀಕರಿಗೇ ಉಳಿಯುತ್ತದೆ. ಅದರ ಪತ್ರವನ್ನು ವಿಮಾ ಕಚೇರಿಯಿಂದ ಕೇಳಿ ಪಡೆದರೆ ಹೊಸ ಗಾಡಿಗೆ ಬಳಸಬಹುದು.

ಇಟ್ಟುಕೊಳ್ಳುವುದಾದರೂ ಒಂದು ಲೆಕ್ಕವಿದೆ. ದೆಹಲಿಯಲ್ಲಿ ತಂದಂಥ 10 ವರ್ಷದ ಡೀಸೆಲ್ ನಿಷೇಧ ಬೆಂಗಳೂರಿನಲ್ಲಿಲ್ಲ, ಎಫ್‌ಸಿ ಸಿಗುವವರೆಗೆ ಓಡಿಸಬಹುದು. ಆದರೆ ಸರಕು ವಾಹನಕ್ಕೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಎಫ್‌ಸಿ ಆಗಬೇಕು, 15 ವರ್ಷ ದಾಟಿದವುಗಳ ಶುಲ್ಕವನ್ನು ಕೇಂದ್ರವು 2022ರ ಏಪ್ರಿಲ್ 1ರಿಂದ ಹಲವು ಪಟ್ಟು ಏರಿಸಿದೆ. ಚಾಸಿ ಹೋಗಿದೆ ಎಂದು ಮೇಸ್ತ್ರಿಗಳು ಹೇಳಿದರೆ ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಡಿ. ಅವರು ಕೊಡುವ ಠೇವಣಿ ಪ್ರಮಾಣಪತ್ರದ ಮೇಲೆ ಹೊಸ ಸರಕು ವಾಹನದ ತೆರಿಗೆಯಲ್ಲಿ ಶೇಕಡಾ 15ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ತುಕ್ಕು ತಿಂದ ಚಾಸಿಯನ್ನು ಬಣ್ಣ ಬಳಿದು ಟೊಮೆಟೊ ಹೊರುವವರಿಗೆ ಮಾರುವುದು ಬೇಡ. ಆ ಗಾಡಿಯಲ್ಲಿ ನಡುರಾತ್ರಿ ಹೆದ್ದಾರಿಯಲ್ಲಿ ಹೋಗುವವರೂ ನಮ್ಮಂಥ ಸಂಸಾರಸ್ಥರೇ.

ಉತ್ತರ 4: ಡೀಸೆಲ್ ಮೇಸ್ತ್ರಿ

ಪೀಣ್ಯದವರು ಹೇಳಿದ ಪೆಟ್ರೋಲ್, ಸಿಎನ್‌ಜಿ ಮಾತು ನನಗೂ ಒಪ್ಪಿಗೆ. ಹೊಗೆಯ ವಿಷಯದಲ್ಲಿ ಅವರಿಗೆ ಎದುರು ಹೇಳಲು ನನ್ನ ಬಳಿ ಏನೂ ಇಲ್ಲ. ನನ್ನ ಎದೆಯೂ ಮೂವತ್ತು ವರ್ಷ ಅದನ್ನೇ ಕುಡಿದಿದೆ. ಒಂದನ್ನು ಮಾತ್ರ ಸೇರಿಸುತ್ತೇನೆ. ಹಳೆಯ ಬಿಎಸ್6 ಡೀಸೆಲ್ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಯೋಚನೆ ಬಂದರೆ, ಸ್ಕ್ಯಾನರ್ ಹಾಕಿಸಿ ಡಿಪಿಎಫ್‌ನಲ್ಲಿ ಎಷ್ಟು ಮಸಿ ಇದೆಯೆಂದು ನೋಡದೆ ಮುಂಗಡ ಕೊಡಬೇಡಿ. ಜಾಲರಿಯನ್ನೇ ಕಿತ್ತು, ಇಸಿಯುಗೆ ಸುಳ್ಳು ಹೇಳಿಸಿ ದೀಪ ಆರಿಸಿದ ಗಾಡಿಗಳೂ ಬರುತ್ತಿವೆ. ಸೈಲೆನ್ಸರ್ ತುದಿಗೆ ಬಿಳಿ ಬಟ್ಟೆ ಒರೆಸಿ. ಸರಿಯಾದ ಬಿಎಸ್6 ಗಾಡಿಯಲ್ಲಿ ಬಟ್ಟೆಗೆ ಮಸಿ ಹತ್ತುವುದೇ ಅಪರೂಪ, ಹತ್ತಿದರೆ ಒಳಗೆ ಜಾಲರಿ ಇಲ್ಲ ಅಥವಾ ಒಡೆದಿದೆ.

ಕೆಂಪುಮಣ್ಣು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಹಳದಿ ಬೋರ್ಡ್ ಅವರ ಪ್ರಶ್ನೆ ಓದಿದ ಕೂಡಲೇ ಎದ್ದು ಹೋಗಿ ಆರ್‌ಸಿ ತೆಗೆದು ನೋಡಿದೆ. ತಂದೆಯವರ ಹೆಸರಿನಲ್ಲೇ ಇದೆ. ವಿಮೆಯನ್ನೂ ಪ್ರತಿ ವರ್ಷ ಅದೇ ಹೆಸರಿನಲ್ಲಿ ಕಟ್ಟುತ್ತಾ ಬಂದಿದ್ದೇನೆ. ಈ ಮೂರು ವರ್ಷದಲ್ಲಿ ಏನಾದರೂ ಆಗಿದ್ದರೆ ಎಂದು ನೆನೆದರೆ ಭಯವಾಗುತ್ತದೆ.

ಕೋಲಾರದವರಿಗೆ ಫೋನ್ ಮಾಡಿ, ಹೆಸರು ಬದಲಾಗುವವರೆಗೆ ಮಾರಾಟದ ಮಾತು ಬೇಡ, ಕಾಯಲು ಆಗದಿದ್ದರೆ ಬೇರೆ ಗಾಡಿ ನೋಡಿಕೊಳ್ಳಿ ಎಂದು ಹೇಳಿದ್ದೇನೆ. ತಾಯಿ ಮತ್ತು ತಂಗಿ ಅಫಿಡವಿಟ್‌ಗೆ ಒಪ್ಪಿದ್ದಾರೆ, ಸೋಮವಾರ ವಂಶವೃಕ್ಷಕ್ಕೆ ಅರ್ಜಿ ಹಾಕುತ್ತೇನೆ. ಅಲ್ಲಿಯವರೆಗೆ ಗಿಡ ಸಾಗಿಸಲು ಬಾಡಿಗೆ ಗಾಡಿ ಹಿಡಿಯುತ್ತೇನೆ. ಮಣ್ಣು, ಗೊಬ್ಬರದ ಹೊರೆ ತಿಂಗಳಿಗೆ ಆರೇಳು ಬಾರಿ ಮಾತ್ರ ಇರುವುದರಿಂದ, ಮುಂದೆ ಪೆಟ್ರೋಲಿನ ಸಣ್ಣ ಗಾಡಿ ಕೊಂಡರೂ ಅದಕ್ಕೆ ಬಾಡಿಗೆ ಪಿಕಪ್ ಸಾಕೆಂದು ಪುಸ್ತಕದ ಲೆಕ್ಕ ಹೇಳುತ್ತಿದೆ. ವಿದ್ಯುತ್ ಗಾಡಿಯನ್ನೂ ಒಂದು ದಿನ ಓಡಿಸಿ ನೋಡುವೆ.

ಮೇಸ್ತ್ರಿಗಳೇ, ಭಾನುವಾರ ಬೆಳಗ್ಗೆ ಎಂಟಕ್ಕೆ ಪಿಕಪ್ ತರುತ್ತೇನೆ. ತೊಟ್ಟಿ ಖಾಲಿ ಮಾಡಿ ತಂದರೆ ಸಾಕೇ, ಅಥವಾ ಕೆಳಗಿನ ಮಣ್ಣನ್ನೂ ನೀರು ಹೊಡೆಸಿ ತರಬೇಕೇ?

ಡೀಸೆಲ್ ಮೇಸ್ತ್ರಿ

ನೀರು ಹೊಡೆಸಿ, ಒಂದು ದಿನ ಮೊದಲೇ. ಒಣಗಿದ ಮೇಲೆ ಬಿರುಕು ಚೆನ್ನಾಗಿ ಕಾಣುತ್ತದೆ. ಆ ಲೆಕ್ಕದ ಪುಸ್ತಕವನ್ನೂ ತನ್ನಿ.